ಆಟದ ಮೇಜಿಗೆ ಅಡುಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟ ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದದ್ದು 1974ರಲ್ಲಿ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ವೀರ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರ ವಹಿಸಿ, ಇಪ್ಪತ್ತು ಮುಖದ ದಾಳ ಉರುಳಿಸುತ್ತಾ ಮುಂದೆ ಸಾಗುತ್ತಾರೆ. ಕೂತರೆ ನಾಲ್ಕೈದು ಗಂಟೆ ಏಳದ ಆಟ. ಅಂಥ ಸಂಜೆಗೆ, ಕಥೆಗೆ ಒಪ್ಪುವ ಅಡುಗೆ ಏನು ಮಾಡಬಹುದು ಎಂದು ಕೇಳಿದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು.

ಶನಿವಾರ ಆರು ಜನ ಸೇರಿ ಆಡುತ್ತೇವೆ. ಹೋದ ಸಲ ಬಜ್ಜಿ ಇಟ್ಟಿದ್ದಕ್ಕೆ ಪಾತ್ರದ ವಿವರ ಬರೆದ ಹಾಳೆಗಳೆಲ್ಲ ಎಣ್ಣೆಯಾದವು. ನೋಡಲು ಚೆನ್ನಾಗಿರಬೇಕು, ಕಾಗದವೂ ಉಳಿಯಬೇಕು. (ಕುವೆಂಪುನಗರ, ಮೈಸೂರು)

ಮೊದಲು ಕೈ, ಆಮೇಲೆ ಕಣ್ಣು. ಆಡುವವರ ಬಲಗೈ ದಾಳಕ್ಕೂ ಬೇಕು, ಪೆನ್ಸಿಲಿಗೂ ಬೇಕು. ಹಾಗಾಗಿ ಆಟ ನಡೆಯುವಾಗ ಕೊಡುವುದು ಒಂದೇ ತುತ್ತಿಗೆ ಮುಗಿಯಬೇಕು, ಉದುರಬಾರದು, ಬೆರಳಿಗೆ ಅಂಟಬಾರದು. ಚುರುಮುರಿ, ನಿಪ್ಪಟ್ಟು ಎರಡೂ ಇಲ್ಲಿ ಸೋಲುತ್ತವೆ: ಒಂದು ಮೇಜೆಲ್ಲ ಚೆಲ್ಲುತ್ತದೆ, ಇನ್ನೊಂದು ಪುಡಿಯಾಗುತ್ತದೆ. ಬಟನ್ ಇಡ್ಲಿಗೆ ಚಟ್ನಿಪುಡಿ ಸವರಿ ಹಲ್ಲುಕಡ್ಡಿ ಚುಚ್ಚಿಡಿ, ತಲೆಗೆ ಎಂಟು ಸಾಕು. ತುಪ್ಪ ಒಂದು ಚಮಚಕ್ಕಿಂತ ಹೆಚ್ಚಾದರೆ ಮತ್ತೆ ಹಾಳೆಗೆ ಪಸೆ ಹತ್ತುತ್ತದೆ. ಬೀಜವಿಲ್ಲದ ದ್ರಾಕ್ಷಿ, ಹುರಿದ ಬಾದಾಮಿ, ಕಲ್ಲುಸಕ್ಕರೆ ಇಡಬಹುದು. ಗುಹೆಯಿಂದ ತಂದ ಸ್ಫಟಿಕ ಎನ್ನಲು ಕಲ್ಲುಸಕ್ಕರೆಗಿಂತ ಸುಲಭದ್ದು ಬೇರೆ ಇಲ್ಲ. ಅಗರ್ ಅಗರ್‌ನಲ್ಲಿ (ಕಡಲಪಾಚಿಯಿಂದ ತೆಗೆದ, ಜೆಲ್ಲಿ ಕಟ್ಟಿಸುವ ಪುಡಿ) ಸ್ಫಟಿಕದ ಮಿಠಾಯಿ ಮಾಡಿ ಒಣಗಿಸಲು ಹಲವು ದಿನ ಬೇಕು, ಮಳೆಗಾಲದಲ್ಲಂತೂ ಅದು ಒಣಗುವುದೇ ಇಲ್ಲ.

ಕರಿದದ್ದು, ಸಾರು, ಕೈ ಕಲಸಿ ಉಣ್ಣುವುದೆಲ್ಲ ವಿರಾಮಕ್ಕೆ. ಐದೂವರೆಗೆ ಆಟ ಶುರುವಾದರೆ ಎಂಟಕ್ಕೆ ನಲವತ್ತು ನಿಮಿಷ ಎದ್ದು, ಬೇರೆ ಕಡೆ ಕೂತು ಊಟ ಮಾಡಿ. ಲೋಟಗಳು ಯಾವಾಗಲೂ ಪಕ್ಕದ ಸ್ಟೂಲಿನ ಮೇಲಿರಲಿ, ಮೇಜಿನ ಮೇಲೆ ಬೇಡ.

ಡ್ರ್ಯಾಗನ್ ಮೊಟ್ಟೆ ಎಂದು ಆಲೂಗಡ್ಡೆಯ ಉಂಡೆ ಮಾಡಿ ಶಾವಿಗೆಯಲ್ಲಿ ಹೊರಳಿಸಿ ಕರಿದೆ. ಅರ್ಧ ಎಣ್ಣೆಯಲ್ಲೇ ಒಡೆದವು. ಬೀಟ್‌ರೂಟ್ ಕೆಂಪು ಹಾಕಿದ್ದೂ ಮಾಸಿಹೋಯಿತು. (ಸರಸ್ವತಿಪುರಂ, ಮೈಸೂರು)

ಒಡೆಯಲು ಕಾರಣ ಆಲೂಗಡ್ಡೆಯೊಳಗಿನ ನೀರು. ಸಿಪ್ಪೆ ತೆಗೆದು, ಹೆಚ್ಚಿ ಕುಕ್ಕರಿಗೆ ಹಾಕಿದರೆ ಅದು ನೀರು ಕುಡಿಯುತ್ತದೆ. ಕಾದ ಎಣ್ಣೆಯಲ್ಲಿ ಆ ನೀರು ಆವಿಯಾಗಿ ಉಂಡೆಯನ್ನು ಸೀಳಿಕೊಂಡು ಹೊರಬರುತ್ತದೆ. 750 ಗ್ರಾಂ ಆಲೂಗಡ್ಡೆಯನ್ನು ಸಿಪ್ಪೆ ಸಮೇತ, ಇಡಿಯಾಗಿ ಬೇಯಿಸಿ. ಸುಲಿದು ತಟ್ಟೆಯಲ್ಲಿ ಹತ್ತು ನಿಮಿಷ ಹರಡಿ, ಹಬೆ ಹೋದ ಮೇಲೆ ಮಸೆಯಿರಿ. ಹುರಿಗಡಲೆ ಪುಡಿ ಮೂರು ದೊಡ್ಡ ಚಮಚ ಸೇರಿಸಿದರೆ ಉಳಿದ ತೇವವನ್ನು ಅದು ಹೀರುತ್ತದೆ. ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸಣ್ಣಗೆ ಹೆಚ್ಚಿರಬೇಕು. ದಪ್ಪ ಚೂರು ಇದ್ದ ಕಡೆಯೇ ಬಿರುಕು ಮೊದಲು ಬರುವುದು. 40 ಗ್ರಾಂನಂತೆ ಸುಮಾರು ಹದಿನೆಂಟು ಆಗುತ್ತವೆ, ಒಂದು ತುದಿ ಚೂಪಾಗಿರಲಿ.

ನಾಲ್ಕು ದೊಡ್ಡ ಚಮಚ ಮೈದಾ, ಒಂದು ಚಮಚ ಕಾರ್ನ್‌ಫ್ಲೋರ್, ನೂರು ಮಿ.ಲೀ. ನೀರು ಕಲಸಿ. ಉಂಡೆಗಳನ್ನು ಅದರಲ್ಲಿ ಅದ್ದಿ, ಒಂದು ಸೆಂಟಿಮೀಟರ್ ಉದ್ದಕ್ಕೆ ಮುರಿದ ಶಾವಿಗೆಯಲ್ಲಿ ಹೊರಳಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ, ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಹುರಿದ ಶಾವಿಗೆ ತರಬೇಡಿ, ಅದು ಬೇಗ ಕಪ್ಪಾಗುತ್ತದೆ. ಒಂದು ಎಳೆ ಹಾಕಿದರೆ ತಕ್ಷಣ ಮೇಲೆದ್ದು, ಕೂಡಲೇ ಕೆಂಪಾಗದೆ ಇದ್ದರೆ ಎಣ್ಣೆ ಹದಕ್ಕೆ ಬಂದಿದೆ. ಥರ್ಮಾಮೀಟರ್ ಇದ್ದರೆ 170–175 ಡಿಗ್ರಿ ಸೆಲ್ಸಿಯಸ್. ಒಂದು ಸಲಕ್ಕೆ ನಾಲ್ಕೇ ಹಾಕಿ. ಹೆಚ್ಚು ಹಾಕಿದರೆ ಎಣ್ಣೆ ತಣಿದು, ಹೊರಪದರ ಗಟ್ಟಿಯಾಗುವ ಮೊದಲೇ ಬಿಟ್ಟುಕೊಳ್ಳುತ್ತದೆ.

ಬೀಟ್‌ರೂಟಿನ ಕೆಂಪು ಅಷ್ಟು ಬಿಸಿ ತಾಳುವುದಿಲ್ಲ, ಪಾಲಕ್ ಹಸಿರೂ ಕಂದುತ್ತದೆ. ಅರಿಶಿನ ನಿಲ್ಲುತ್ತದೆ. ಕೆಂಪೇ ಬೇಕಿದ್ದರೆ ಬೀಟ್‌ರೂಟ್ ಚಟ್ನಿಯನ್ನು ತಟ್ಟೆಗೆ ಬಳಿದು ಅದರ ಮೇಲೆ ಮೊಟ್ಟೆ ಕೂರಿಸಿ.

ಕೋಳಿಮೊಟ್ಟೆ ತಿನ್ನುವವರಿದ್ದರೆ ಎಣ್ಣೆಯ ಗೋಜೇ ಬೇಡ. ಎಂಟು ಮೊಟ್ಟೆ ಗಟ್ಟಿಯಾಗುವಂತೆ ಬೇಯಿಸಿ, ಆರಿಸಿ, ಚಮಚದ ಬೆನ್ನಿನಿಂದ ಸುತ್ತಲೂ ತಟ್ಟಿ ಚಿಪ್ಪು ಬಿರುಕು ಬಿಡಿಸಿ. ಸುಲಿಯಬೇಡಿ. 250 ಗ್ರಾಂ ಬೀಟ್‌ರೂಟ್ ಹೆಚ್ಚಿ ಮುಕ್ಕಾಲು ಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಸೋಸಿ, ಎರಡು ದೊಡ್ಡ ಚಮಚ ವಿನಿಗರ್ ಹಾಕಿ, ಆರಿದ ಮೇಲೆ ಮೊಟ್ಟೆ ಮುಳುಗಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಸುಲಿದರೆ ಬಿರುಕಿದ್ದ ಕಡೆಯೆಲ್ಲ ಕೆಂಪು ನರಗಳು ಕಾಣುತ್ತವೆ. ಚಿಪ್ಪು ಕಳಚಿ ಬಿದ್ದ ಜಾಗದಲ್ಲಿ ಮಾತ್ರ ಬರೀ ಕಲೆ ಆಗುತ್ತದೆ.

ಬಣ್ಣ ಬದಲಾಗುವ ಮಂತ್ರದ್ರವಕ್ಕೆ ಶಂಖಪುಷ್ಪ ಕುದಿಸಿದೆ. ಸೋಡಾ ಬೆರೆಸುತ್ತಲೇ ನೇರಳೆಯಾಯಿತು, ನಿಂಬೆ ಹಿಂಡಿದಾಗ ಯಾರಿಗೂ ಬೆರಗಾಗಲಿಲ್ಲ. ರುಚಿಯೂ ಹಸಿ ಸೊಪ್ಪಿನ ಹಾಗೆ. (ಶ್ರೀರಂಗಪಟ್ಟಣ)

ಸೋಡಾದಲ್ಲಿ ಕರಗಿರುವ ಅನಿಲವೇ ನೀರನ್ನು ಸ್ವಲ್ಪ ಹುಳಿ ಮಾಡುತ್ತದೆ. ಶಂಖಪುಷ್ಪದ ನೀಲಿ ಆಂಥೋಸಯಾನಿನ್ ಜಾತಿಯ ಬಣ್ಣ. ಹುಳಿ ತಾಗಿದರೆ ನೇರಳೆ, ಹೆಚ್ಚಾದರೆ ಗುಲಾಬಿಯ ಕಡೆಗೆ ತಿರುಗುತ್ತದೆ. ಆದ್ದರಿಂದ ಸಾದಾ ನೀರಿನಲ್ಲೇ ಮಾಡಿ.

ಸೊಪ್ಪಿನ ರುಚಿ ಬರುವುದು ಕುದಿಸಿದ್ದರಿಂದ, ಹಸಿರು ತೊಟ್ಟು ಬಿಡಿಸದೆ ಹಾಕಿದ್ದರಿಂದ. ಒಂದು ಲೀಟರ್ ನೀರು ಕುದಿಸಿ ಒಲೆ ಆರಿಸಿ, ತೊಟ್ಟು ತೆಗೆದ ಒಣ ಹೂ 20–25 ಅಥವಾ ಹಸಿ ಹೂ ನಲವತ್ತು ಹಾಕಿ, ಆರು ನಿಮಿಷಕ್ಕೆ ಸೋಸಿ. ಮೂರು ಏಲಕ್ಕಿ ಜಜ್ಜಿ ಜೊತೆಗೆ ಹಾಕಿದರೆ ಪರಿಮಳಕ್ಕೆ ಸಾಕು. ಈ ಹೂವಿಗೆ ತನ್ನದೇ ರುಚಿ ಬಹಳ ಇಲ್ಲ. ಸಕ್ಕರೆ 80 ಗ್ರಾಂ. ಸಕ್ಕರೆ ನಾಡಿನ ನಿಮಗೆ ಬೆಲ್ಲ ಬಿಡಿ ಎನ್ನಲು ಮನಸ್ಸಿಲ್ಲ, ಆದರೆ ಬೆಲ್ಲದ ಕಂದು ಈ ನೀಲಿಯನ್ನು ಕೆಸರು ಮಾಡುತ್ತದೆ. ಲೋಟಕ್ಕೆ 150 ಮಿ.ಲೀ. ಹಾಕಿ, ಪಕ್ಕದಲ್ಲಿ ಪುಟ್ಟ ಬಾಟಲಿಯಲ್ಲಿ ಒಂದು ಚಿಕ್ಕ ಚಮಚ ನಿಂಬೆರಸ ಇಡಿ. ಪಾತ್ರಧಾರಿ ಮಂತ್ರ ಹೇಳಿ ತಾನೇ ಸುರಿಯಲಿ. ಬಿಳಿ ಹೂವಿನ ಬಳ್ಳಿಯಿಂದ ಬಣ್ಣ ಬರುವುದಿಲ್ಲ. ಕಾಯಿ, ಬೀಜ ಸೇರಿಸಬೇಡಿ. ಪೂಜೆಗೆಂದು ಮಾರುವ ಹೂವಿಗೆ ಔಷಧಿ ಹೊಡೆದಿರಬಹುದು, ಮನೆಯ ಬಳ್ಳಿಯದ್ದೇ ಒಳ್ಳೆಯದು.

ಲೋಟದಿಂದ ಹೊಗೆ ಬರಲು ಡ್ರೈ ಐಸ್ ಹಾಕಬಹುದೇ? (ವಿಜಯನಗರ, ಮೈಸೂರು)

ಕುಡಿಯುವ ಲೋಟಕ್ಕೆ ಬೇಡವೇ ಬೇಡ. ಅದು ಮೈನಸ್ 78 ಡಿಗ್ರಿಯ ಘನ ಕಾರ್ಬನ್ ಡೈಆಕ್ಸೈಡ್. ಚೂರು ಬಾಯಿಗೆ ಹೋದರೆ ಒಳಗೆಲ್ಲ ಸುಟ್ಟ ಗಾಯವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅನಿಲ ಕೆಳಮಟ್ಟದಲ್ಲೇ ತುಂಬಿ ಉಸಿರಿಗೆ ತೊಂದರೆ. ಹೊಗೆ ಬೇಕಾದರೆ ಮೆಣಸಿನ ಸಾರನ್ನು ಕುದಿಯುತ್ತಿರುವಾಗಲೇ ಮಣ್ಣಿನ ಕುಡಿಕೆಗಳಿಗೆ ಬಗ್ಗಿಸಿ ತನ್ನಿ.

ಕಥೆಯಲ್ಲಿ ಬರುವ ದಾರಿಹೋಕರ ತಂಗುಮನೆಯ ಊಟಕ್ಕೆ ಮುದ್ದೆ, ಹಿತಕಿದ ಅವರೆಬೇಳೆ ಸಾರು ಸರಿಹೋಗುತ್ತದೆಯೇ? ನನ್ನ ಮುದ್ದೆ ಗಂಟಾಗುತ್ತದೆ. (ಮಂಡ್ಯ)

ಖಂಡಿತ ಸರಿಹೋಗುತ್ತದೆ. ಗಟ್ಟಿ ಸಾರು, ಹೊಟ್ಟೆ ತುಂಬಿಸುವ ಕಪ್ಪು ಉಂಡೆ: ದಣಿದು ಬಂದ ವೀರನಿಗೆ ಬ್ರೆಡ್ಡು ಸ್ಟ್ಯೂಗಿಂತ ಇದೇ ಮೇಲು. ಆರು ಮಧ್ಯಮ ಮುದ್ದೆಗೆ ಮೂರು ಲೋಟ ಹಿಟ್ಟು, ಆರು ಲೋಟ ನೀರು. ನೀರಿಗೆ ಉಪ್ಪಿನ ಜೊತೆ ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕಿ. ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ, ತಿರುವಬೇಡಿ. ಗಂಟು ಆಗುವುದು ಇಲ್ಲಿಯೇ: ಹಿಟ್ಟು ಬೇಯುವ ಮೊದಲೇ ಕೋಲು ಆಡಿಸಿದರೆ ಹೊರಗೆ ಅಂಟು ಕಟ್ಟಿ ಒಳಗೆ ಒಣ ಹಿಟ್ಟು ಉಳಿಯುತ್ತದೆ. ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಲಿ, ಆಮೇಲೆ ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ಬಲವಾಗಿ ತಿರುವಿ. ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ಕಟ್ಟಿ ಹಾಟ್‌ಬಾಕ್ಸಿಗೆ ಹಾಕಿ. ಗಾಳಿಗಿಟ್ಟರೆ ಚರ್ಮ ಕಟ್ಟುತ್ತದೆ. ಅವರೆ ಸೊಗಡು ಡಿಸೆಂಬರ್, ಜನವರಿಗೆ. ಬೇರೆ ತಿಂಗಳಲ್ಲಿ ಬಸ್ಸಾರು ಅಥವಾ ಉಪ್ಸಾರು ಮಾಡಿ.

ನಮ್ಮ ಕಥೆ ನಡೆಯುವುದು ಹೊಯ್ಸಳರ ಕಾಲದಂಥ ಒಂದು ರಾಜ್ಯದಲ್ಲಿ. ಊಟದಲ್ಲಿ ಏನು ಇರಬಾರದು? (ಜಯಲಕ್ಷ್ಮೀಪುರಂ, ಮೈಸೂರು)

ಬಹಳ ಒಳ್ಳೆಯ ಪ್ರಶ್ನೆ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಮೆಕ್ಕೆಜೋಳ, ಕಡಲೆಕಾಯಿ, ಗೋಡಂಬಿ, ಅನಾನಸ್, ಸೀಬೆ, ಪರಂಗಿ ಇವೆಲ್ಲ ಅಮೆರಿಕ ಖಂಡದವು. ಪೋರ್ಚುಗೀಸರು 1498ರಲ್ಲಿ ಕೇರಳದ ಕರಾವಳಿಗೆ ಬಂದ ನಂತರವೇ ಇಲ್ಲಿಗೆ ತಲುಪಿದವು. ಹೊಯ್ಸಳರ ಆಳ್ವಿಕೆ ಮುಗಿದದ್ದು 14ನೇ ಶತಮಾನದಲ್ಲಿ. ಖಾರಕ್ಕೆ ಉಳಿಯುವುದು ಕರಿಮೆಣಸು, ಹಿಪ್ಪಲಿ, ಶುಂಠಿ. ಹುಳಿಗೆ ಹುಣಸೆ, ಮೊಸರು. ರಾಗಿ, ಹುರುಳಿ, ಎಳ್ಳು, ತೆಂಗು, ತುಪ್ಪ, ಬೆಲ್ಲಕ್ಕೆ ಅಡ್ಡಿಯಿಲ್ಲ. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲೇ ಇಡ್ಡಲಿಗೆಯ ಹೆಸರಿದೆ, ಬಡಿಸಲು ಹಿಂಜರಿಯಬೇಡಿ.

ಮೆಣಸಿನ ಕೋಳಿ ಮಾಡುವುದಾದರೆ ಒಂದು ಕಿಲೋಗೆ ಎರಡು ದೊಡ್ಡ ಚಮಚ ತರಿ ಮೆಣಸು. ಅರ್ಧವನ್ನು ಶುಂಠಿ, ಬೆಳ್ಳುಳ್ಳಿ, ಅರಿಶಿನ, ತುಪ್ಪದೊಂದಿಗೆ ಮೊದಲೇ ಹಾಕಿ, ಅರ್ಧವನ್ನು ಇಳಿಸುವ ಮುನ್ನ. ಮೆಣಸು ಹೆಚ್ಚು ಹೊತ್ತು ಬೆಂದರೆ ಖಾರ ಉಳಿದು ಘಮ ಹಾರಿಹೋಗುತ್ತದೆ.

ಪ್ರಯಾಣದ ಬುತ್ತಿಗೆ ತಂಬಿಟ್ಟು. ಹುರಿಗಡಲೆ ಪುಡಿ ಎರಡು ಲೋಟ, ಪುಡಿ ಬೆಲ್ಲ ಒಂದು ಲೋಟ, ಒಣಕೊಬ್ಬರಿ ತುರಿ ಅರ್ಧ ಲೋಟ, ಹುರಿದ ಎಳ್ಳು ಎರಡು ಚಮಚ, ಏಲಕ್ಕಿ. ಕಡಲೆಕಾಯಿ ಬೀಜ ಬೇಡ. ಕಾಲು ಲೋಟ ನೀರಿನಲ್ಲಿ ಬೆಲ್ಲ ಕರಗಿಸಿ ಸೋಸಿ, ಕುದಿ ಬಂದು ಸ್ವಲ್ಪ ಅಂಟಾದ ಕೂಡಲೇ ಇಳಿಸಿ. ಪಾಕ ಮುಂದೆ ಹೋದರೆ ಉಂಡೆ ಕಲ್ಲಾಗುತ್ತದೆ, ನೀರಾಗಿದ್ದರೆ ನಿಲ್ಲುವುದಿಲ್ಲ. ಪಾಕವನ್ನು ಪುಡಿಗೆ ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಬಿಸಿಯಲ್ಲೇ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ. ಕೈಗೆ ಅಂಟದ್ದರಿಂದ ಆಟದ ನಡುವೆಯೂ ಕೊಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಬೆಳೆದ ಮೈಸೂರು ಗಂಜೀಫಾದಂಥ, ಕೈಯಲ್ಲಿ ಚಿತ್ರ ಬರೆದ ಇಸ್ಪೀಟು ಎಲೆಗಳನ್ನು ಆಟಕ್ಕೆ ತಂದಿದ್ದರೆ ಮಾತ್ರ ಇದನ್ನೂ ದೂರವಿಡಿ.

ಮಕ್ಕಳಿಗೆ ದಾಳದ ಆಕಾರದ ಸಿಹಿ ಯಾವುದು? (ಮದ್ದೂರು)

ಕೊಬ್ಬರಿ ಮಿಠಾಯಿ. ಎರಡು ಲೋಟ ತುರಿಗೆ ಒಂದೂಕಾಲು ಲೋಟ ಸಕ್ಕರೆ. ತಳ ಬಿಟ್ಟು ಉಂಡೆಗೂಡಿದಾಗ ತುಪ್ಪ ಸವರಿದ ತಟ್ಟೆಗೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಹಾಕಿ, ಬೆಚ್ಚಗಿರುವಾಗಲೇ ಎರಡು ಸೆಂಟಿಮೀಟರ್ ಅಗಲಕ್ಕೆ ಕೊಯ್ಯಿರಿ. ಪೂರ್ತಿ ಆರಿದ ಮೇಲೆ ಕೊಯ್ದರೆ ಅಂಚು ಪುಡಿಯಾಗುತ್ತದೆ. ಕರಗಿಸಿದ ಚಾಕೊಲೇಟಿನಲ್ಲಿ ಹಲ್ಲುಕಡ್ಡಿ ಅದ್ದಿ ಚುಕ್ಕೆ ಇಡಿ. ಎದುರುಬದುರು ಮುಖಗಳ ಮೊತ್ತ ಏಳಾಗಬೇಕು: ಒಂದಕ್ಕೆ ಆರು, ಎರಡಕ್ಕೆ ಐದು, ಮೂರಕ್ಕೆ ನಾಲ್ಕು. ಪುಟ್ಟ ಮಕ್ಕಳಿದ್ದರೆ ನಿಜವಾದ ದಾಳಗಳನ್ನು ಸಿಹಿಯ ತಟ್ಟೆಯ ಹತ್ತಿರ ಇಡಬೇಡಿ, ಬಾಯಿಗೆ ಹಾಕಿಕೊಂಡಾರು.