38 ಮಕ್ಕಳಿರುವ ಪ್ರಾಥಮಿಕ ಶಾಲೆಗೆ ಮಗಳನ್ನು ಸೇರಿಸಬಹುದಾ? ಏನೇನು ನೋಡಬೇಕು?

ಒಟ್ಟು 38 ಮಕ್ಕಳು, 5 ತರಗತಿ, ಇಬ್ಬರೇ ಶಿಕ್ಷಕರು, ಮಗಳು ಒಂದನೇ ತರಗತಿಗೆ ಅಂತ ಬರೆದಿದ್ದೀರಿ. ಮಕ್ಕಳು ಕಡಿಮೆ ಇದ್ದರೆ ಗಮನ ಜಾಸ್ತಿ ಸಿಗುತ್ತದೆ ಅನ್ನೋದು ನಿಮ್ಮ ಲೆಕ್ಕ. ಅದು ಅರ್ಧ ಸರಿ.

ಸಣ್ಣ ಶಾಲೆ ಬೇರೆ, ಸಣ್ಣ ತರಗತಿ ಬೇರೆ. ತರಗತಿ ಚಿಕ್ಕದಿದ್ದರೆ ಒಳ್ಳೆಯದು ಅನ್ನುವವರು ಸಾಮಾನ್ಯವಾಗಿ ತೋರಿಸುವುದು ಅಮೆರಿಕದ ಟೆನೆಸೀ ರಾಜ್ಯದಲ್ಲಿ 1985ರಿಂದ 1989ರವರೆಗೆ ನಡೆದ ‘ಸ್ಟಾರ್’ ಪ್ರಯೋಗವನ್ನು. ಅಲ್ಲಿ 13ರಿಂದ 17 ಮಕ್ಕಳಿದ್ದ ತರಗತಿಯವರು 22ರಿಂದ 25 ಮಕ್ಕಳಿದ್ದ ತರಗತಿಯವರಿಗಿಂತ ಓದಿನಲ್ಲೂ ಗಣಿತದಲ್ಲೂ ಮುಂದಿದ್ದರು, ನಿಜ. ಆದರೆ ಅಲ್ಲಿನ ಶಿಕ್ಷಕರು ಒಂದು ಕೋಣೆಯಲ್ಲಿ ಒಂದೇ ತರಗತಿಗೆ ಕಲಿಸುತ್ತಿದ್ದರು. ಇಬ್ಬರು ಶಿಕ್ಷಕರ ಶಾಲೆಯಲ್ಲಿ 1, 2, 3ನೇ ತರಗತಿಗಳು ಒಬ್ಬರ ಕೈಗೆ ಬರುವುದು ಸಾಮಾನ್ಯ. 40 ನಿಮಿಷದ ಪೀರಿಯಡ್ಡನ್ನು ಮೂರು ತರಗತಿಗೆ ಹಂಚಿದರೆ ನಿಮ್ಮ ಮಗಳ ಪಾಲಿಗೆ ಬರುವ ನೇರ ಪಾಠ ಸುಮಾರು 13 ನಿಮಿಷ. ಮಿಕ್ಕ 27 ನಿಮಿಷ ಅವಳು ಏನು ಮಾಡುತ್ತಾಳೆ? ನೀವು ಪತ್ತೆ ಹಚ್ಚಬೇಕಾದ್ದು ಮುಖ್ಯವಾಗಿ ಇದನ್ನೇ.

ಇದಕ್ಕೆ ಮುಖ್ಯ ಶಿಕ್ಷಕರನ್ನು ಕೇಳಿ ಪ್ರಯೋಜನವಿಲ್ಲ, ಕಣ್ಣಾರೆ ನೋಡಬೇಕು. ಸಮಾರಂಭದ ದಿನ ಬೇಡ, ವಾರದ ನಡುವಿನ ಯಾವುದಾದರೂ ಬೆಳಿಗ್ಗೆ ಅನುಮತಿ ಕೇಳಿ ಒಂದು ಪೂರ್ತಿ ಪೀರಿಯಡ್ ಹಿಂದೆ ಕುಳಿತುಕೊಳ್ಳಿ. ಟೀಚರ್ ಯಾರಿಗೆ ಪಾಠ ಮಾಡುತ್ತಿದ್ದಾರೋ ಆ ಗುಂಪನ್ನು ಬಿಡಿ, ಟೀಚರ್ ಬೆನ್ನು ಹಾಕಿರುವ ಗುಂಪನ್ನು ನೋಡಿ. ಬೋರ್ಡಿನ ಮೇಲಿನದನ್ನು ಮೂರು ಸಲ ಕಾಪಿ ಮಾಡುತ್ತಿದ್ದಾರಾ? ಐದು ನಿಮಿಷದಲ್ಲಿ ಮುಗಿಸಿ ಪಕ್ಕದವರನ್ನು ಚಿವುಟುತ್ತಿದ್ದಾರಾ? ಅಥವಾ ಒಂದು ಕೆಲಸ ಮುಗಿದ ಕೂಡಲೇ ಮುಂದಿನದನ್ನು ತಾವೇ ಎತ್ತಿಕೊಳ್ಳುವ ಅಭ್ಯಾಸ ಇದೆಯಾ? ಬಹುವರ್ಗ ಬೋಧನೆ, ಅಂದರೆ ಹಲವು ತರಗತಿಗಳಿಗೆ ಒಟ್ಟಿಗೆ ಕಲಿಸುವುದನ್ನು ಬಲ್ಲ ಶಿಕ್ಷಕರು ಕಾರ್ಡು, ಹಾಳೆ, ಜೋಡಿ ಓದು, ಮಣಿ-ಕಡ್ಡಿ ಎಲ್ಲ ಮುಂಚೆಯೇ ಜೋಡಿಸಿಟ್ಟಿರುತ್ತಾರೆ, ತಪ್ಪು ತಿದ್ದಿಕೊಳ್ಳಲು ಉತ್ತರವನ್ನೂ ಅಲ್ಲೇ ಇಟ್ಟಿರುತ್ತಾರೆ. ಕೊಲಂಬಿಯಾದ ಹಳ್ಳಿ ಶಾಲೆಗಳಲ್ಲಿ 1970ರ ದಶಕದಲ್ಲಿ ಶುರುವಾದ ‘ಎಸ್ಕ್ವೇಲಾ ನ್ವೇವಾ’ ಪದ್ಧತಿಯ ಜೀವಾಳವೂ ಇದೇ: ಮಗು ತನ್ನ ವೇಗದಲ್ಲಿ ತಾನೇ ಮುಂದುವರಿಯುವಂತೆ ಬರೆದ ಕಲಿಕಾ ಪುಸ್ತಕಗಳು. ಅಂಥ ಸಿದ್ಧತೆ ಇಲ್ಲದಿದ್ದರೆ 27 ನಿಮಿಷ ಸುಮ್ಮನೆ ಕೂತಿದ್ದೇ ಬಂತು.

ಎದ್ದು ಬರುವ ಮುಂಚೆ ಎರಡು ನೋಟ್‌ಬುಕ್ ಕೇಳಿ. ಜಾಣ ಮಗುವಿನದು ಬೇಡ, ಸಾಧಾರಣ ಮಗುವಿನದು. ತಪ್ಪು ಲೆಕ್ಕದ ಪಕ್ಕ ಬರೀ ಕೆಂಪು ಗೀಟು ಇದೆಯೋ, ಮತ್ತೆ ಮಾಡಿಸಿದ ಗುರುತು ಇದೆಯೋ ನೋಡಿ. ಹಾಗೆಯೇ, ಎಲ್ಲ ಮಕ್ಕಳ ಪುಸ್ತಕದಲ್ಲೂ ಅವೇ ವಾಕ್ಯಗಳಿದ್ದರೆ ಅದು ನಕಲು, ಬರವಣಿಗೆ ಅಲ್ಲ.

ಈಗ ಮನೆಯಲ್ಲಿ ಎಚ್ಚರ ವಹಿಸಬೇಕಾದ್ದು. ಮಿಶ್ರ ತರಗತಿಯಲ್ಲಿ ಚಿಕ್ಕ ಮಕ್ಕಳು ದೊಡ್ಡವರ ಪಾಠವನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿಬಿಡುತ್ತಾರೆ. ಒಂದನೇ ತರಗತಿಯ ಮಗು ಎರಡನೇ ತರಗತಿಯ ಪಾಠ ಗಡಗಡ ಓದಿದರೆ ತಂದೆತಾಯಿಗೆ ಖುಷಿಯೋ ಖುಷಿ. ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಅಂತ ಕೇಳಿ. ಮಗು ಸಾಲಿನ ಮೊದಲಿಗೆ ಓಡಿ ಅಲ್ಲಿಂದ ಹೇಳಿಕೊಂಡು ಬಂದರೆ ಅದಿನ್ನೂ ಓದುತ್ತಿಲ್ಲ, ನೆನಪಿನಿಂದ ಒಪ್ಪಿಸುತ್ತಿದೆ. ಮಗ್ಗಿಯೂ ಅಷ್ಟೇ, ನಾಲ್ಕೊಂದ್ಲ ನಾಲ್ಕು ಅಂತ ಶುರು ಮಾಡದೆ ನಾಲ್ಕೇಳ್ಲ ಹೇಳಲು ಬರಬೇಕು. ವಾರಕ್ಕೊಂದು ಸಲ ಹೀಗೆ ಪರೀಕ್ಷಿಸಿದರೆ ಸಾಕು, ದಿನಾ ಮಾಡಿ ಮಗುವನ್ನು ಗೋಳು ಹುಯ್ಯಬೇಡಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಎರಡು ತರಗತಿಗಳನ್ನು ಕೂಡಿಸಿದ ಕಡೆ ವಿಜ್ಞಾನ, ಸಮಾಜದಂಥ ವಿಷಯಗಳನ್ನು ಎರಡು ವರ್ಷದ ಸುತ್ತಾಗಿ ಕಲಿಸುವುದುಂಟು: ಈ ವರ್ಷ ಎರಡೂ ತರಗತಿಗೆ ಒಂದು ಕಂತು, ಮುಂದಿನ ವರ್ಷ ಇನ್ನೊಂದು. ಕ್ರಮ ಒಳ್ಳೆಯದೇ, ಆದರೆ ನಡುವೆ ಶಾಲೆ ಬದಲಿಸಿದ ಮಗುವಿಗೆ ಕೆಲವು ಪಾಠ ಎರಡು ಸಲ, ಕೆಲವು ಒಮ್ಮೆಯೂ ಇಲ್ಲ. ಹಾಗಾಗಿ ವರ್ಷದ ಕೊನೆಗೆ ಮುಗಿಸಿದ ಪಾಠಗಳ ಪಟ್ಟಿ ಕೇಳಿ ಇಟ್ಟುಕೊಳ್ಳಿ. ಗಣಿತಕ್ಕೆ ಮಾತ್ರ ಈ ಸುತ್ತು ಹೊಂದುವುದಿಲ್ಲ. ಸ್ಥಾನಬೆಲೆ ಗೊತ್ತಿಲ್ಲದ ಮಗುವಿಗೆ ಸಾಲ ತಗೊಂಡು ಕಳೆಯುವುದನ್ನು ಹೇಳಿಕೊಟ್ಟರೆ ಅದು ಬರೀ ಆಟದ ನಿಯಮದ ಹಾಗೆ ಕಲಿತು ಮರೆಯುತ್ತದೆ. ಗಣಿತವನ್ನೂ ಕೂಡಿಸಿ ಕಲಿಸುತ್ತಾರೆ ಅಂದರೆ ಯೋಚನೆ ಮಾಡಿ.

ಗೆಳೆತನದ ಬಗ್ಗೆ. ಮಗಳ ತರಗತಿಯಲ್ಲಿ ನಾಲ್ಕೇ ಮಕ್ಕಳಿದ್ದು ಒಬ್ಬಳ ಜೊತೆ ಜಗಳವಾದರೆ ಪಕ್ಕದ ಸೆಕ್ಷನ್‌ಗೆ ಹೋಗುವ ದಾರಿಯಿಲ್ಲ. ಆಟದ ಸಮಯದಲ್ಲಿ ವಯಸ್ಸು ಮರೆತು ಬೆರೆಯುತ್ತಾರಾ, ತರಗತಿವಾರು ಗುಂಪಾಗುತ್ತಾರಾ ಗಮನಿಸಿ. ಬೆರೆಯುವ ಕಡೆ ಪುಟ್ಟವರು ಬೇಗ ಚುರುಕಾಗುತ್ತಾರೆ, ದೊಡ್ಡವರಿಗೆ ಹೊಣೆ ಬರುತ್ತದೆ. ಆದರೆ ನಾಲ್ಕೈದನೇ ತರಗತಿಗೆ ಬಂದ ಮೇಲೆ ನಿಮ್ಮ ಮಗಳೇ ದಿನಾ ಚಿಕ್ಕವರಿಗೆ ಅಕ್ಷರ ತಿದ್ದಿಸುವ ಮರಿ ಟೀಚರ್ ಆಗಿಬಿಟ್ಟರೆ ಅವಳ ಪಾಠದ ಗತಿ ಏನು? ದಿನಕ್ಕೆ ಹದಿನೈದಿಪ್ಪತ್ತು ನಿಮಿಷ ಸರಿ, ಅದಕ್ಕಿಂತ ಹೆಚ್ಚಾದರೆ ಮಾತಾಡಿ. ಮಾತಾಡುವುದು ನೇರವಾಗಿ ಟೀಚರ್ ಹತ್ತಿರ, ಒಂಟಿಯಾಗಿ. ಸಣ್ಣ ಶಾಲೆಯ ಗೇಟಿನ ಬಳಿ ಆಡಿದ ಮಾತು ಸಂಜೆಯೊಳಗೆ ಎಲ್ಲರ ಮನೆ ತಲುಪಿರುತ್ತದೆ, ಮಾರನೇ ದಿನ ಅದರ ಬಿಸಿ ತಾಗುವುದು ಮಗುವಿಗೆ.

ಇಬ್ಬರಲ್ಲಿ ಒಬ್ಬರು ರಜೆ ಹಾಕಿದ ದಿನ ಏನು ಮಾಡುತ್ತೀರಿ ಅಂತಲೂ ಕೇಳಿ. ಬದಲಿ ಶಿಕ್ಷಕರು ಬರುತ್ತಾರಾ, ಇಲ್ಲ 38 ಜನರನ್ನೂ ಒಂದೇ ಕೋಣೆಗೆ ತುಂಬುತ್ತಾರಾ? ಮುಖ್ಯ ಶಿಕ್ಷಕರಿಗೂ ತರಗತಿ ಇದ್ದರೆ, ಅವರು ಸಭೆಗೆ ಹೋದ ದಿನವೂ ಅದೇ ಕಥೆ.

ಕೊನೆಗೆ ತರಗತಿವಾರು ಸಂಖ್ಯೆ ಬರೆಸಿಕೊಳ್ಳಿ. ಐದರಲ್ಲಿ 12, ನಾಲ್ಕರಲ್ಲಿ 10, ಮೂರರಲ್ಲಿ 8, ಎರಡರಲ್ಲಿ 5, ಒಂದರಲ್ಲಿ 3 ಅಂತಿದ್ದರೆ ಒಟ್ಟು 38 ಆಗುತ್ತದೆ, ಆದರೆ ಶಾಲೆ ಬುಡದಿಂದ ಕರಗುತ್ತಿದೆ. ಈ ವರ್ಷ ಐದರವರು ಹೊರಟರೆ ಉಳಿಯುವುದು 26, ಮೂರಷ್ಟೇ ಮಕ್ಕಳು ಹೊಸದಾಗಿ ಸೇರಿದರೂ 29. ಆಗ ಒಬ್ಬ ಶಿಕ್ಷಕರನ್ನು ತೆಗೆಯುವ ಅಥವಾ ಶಾಲೆಯನ್ನು ಬೇರೆಯದರ ಜೊತೆ ಸೇರಿಸುವ ಮಾತು ಏಳುತ್ತದೆ. ಹಾಗಾದರೆ ಮಗಳು ಎಲ್ಲಿಗೆ ಹೋಗಬೇಕಾಗುತ್ತದೆ, ಅದು ಮನೆಯಿಂದ ಎಷ್ಟು ದೂರ ಅನ್ನುವುದನ್ನು ಸೇರಿಸುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ.