ಲಾಸ್ ವೇಗಸ್ ಹತ್ತಿರದ ಮರುಭೂಮಿಯಲ್ಲಿ ಆರ್‌ವಿ ಬಾಡಿಗೆಗೆ ಪಡೆದು ಅಪ್ಪ-ಅಮ್ಮ, ಮಕ್ಕಳ ಜೊತೆ ಎಲ್ಲಿ ಉಳಿಯಬಹುದು?

ಡಿಸೆಂಬರ್ ಕೊನೆಯ ವಾರ, ಮೂರು ರಾತ್ರಿ, ಊರಿಂದ ಬಂದಿರುವ ಅಪ್ಪ-ಅಮ್ಮ, ಇಬ್ಬರು ಮಕ್ಕಳು, ಒಟ್ಟು ಆರು ಜನ, ಅಮ್ಮನಿಗೆ ಮಂಡಿ ನೋವು, ನೀವು ಆರ್‌ವಿ (ಮಲಗಲು, ಅಡುಗೆ ಮಾಡಲು ವ್ಯವಸ್ಥೆಯಿರುವ ಮನೆಯಂಥ ಗಾಡಿ) ಓಡಿಸುವುದು ಇದೇ ಮೊದಲು ಎಂದು ಬರೆದಿದ್ದೀರಿ. ಹಾಗಿದ್ದರೆ ನನ್ನ ಉತ್ತರ ಇಷ್ಟೇ: ಮೂರೂ ರಾತ್ರಿ ವ್ಯಾಲಿ ಆಫ್ ಫೈರ್ ಸ್ಟೇಟ್ ಪಾರ್ಕಿನಲ್ಲೇ ಉಳಿಯಿರಿ, ಅದೂ ಕರೆಂಟು ಮತ್ತು ನೀರಿನ ಕನೆಕ್ಷನ್ ಇರುವ ಸೈಟಿನಲ್ಲಿ, ಅಂದರೆ ಗಾಡಿ ನಿಲ್ಲಿಸಲು ಕೊಡುವ ಜಾಗದಲ್ಲಿ. ರಾತ್ರಿಗೊಂದು ಜಾಗ ಎಂಬ ನಿಮ್ಮ ಯೋಜನೆಯನ್ನು ಕೈಬಿಡಿ. ನಾನು ಇರುವುದು ಲಾಸ್ ವೇಗಸ್‌ನಲ್ಲೇ. ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವುದೂ ಅಲ್ಲಿಗೇ.

ಮರುಭೂಮಿ ಎಂದರೆ ನಮ್ಮವರ ಮನಸ್ಸಿಗೆ ಮೊದಲು ಬರುವುದು ಬಿಸಿಲು. ಪಕ್ಕದ ಡೆತ್ ವ್ಯಾಲಿಯಲ್ಲಿ 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದ್ದು ನಿಜ. ಆದರೆ ನೀವು ಬರುವ ಹೊತ್ತಿಗೆ ಇಲ್ಲಿ ಎದುರಿಸಬೇಕಾದದ್ದು ಚಳಿ ಮತ್ತು ಕತ್ತಲೆ. ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಹಗಲು ಸ್ವೆಟರ್ ಹಾಕಿ ಹಾಯಾಗಿ ಓಡಾಡಬಹುದಾದ ಹವೆ, ಬೆಳಗಿನ ಜಾವಕ್ಕೆ ಸೊನ್ನೆಯ ಹತ್ತಿರಕ್ಕೆ ಇಳಿಯುವುದುಂಟು. ಅಂದರೆ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಆರು ಜನ ಆ ಗಾಡಿಯೊಳಗೆ ಕಳೆಯಬೇಕು. ಆ ಹೊತ್ತು ಸುಖವಾಗಿ ಕಳೆಯಿತೋ ಇಲ್ಲವೋ ಎಂಬುದರ ಮೇಲೆಯೇ ಅಪ್ಪ-ಅಮ್ಮನಿಗೆ ಈ ಪ್ರವಾಸ ಹಿಡಿಸುವುದು, ಬಿಡುವುದು.

ಕನೆಕ್ಷನ್ ಬೇಕೇಬೇಕು ಎನ್ನುವುದು ಇದಕ್ಕೇ. ಆರ್‌ವಿಯ ಹೀಟರ್ ಉರಿಯುವುದು ಪ್ರೊಪೇನ್ ಗ್ಯಾಸಿನಿಂದ, ಆದರೆ ಬಿಸಿಗಾಳಿ ಊದುವ ಫ್ಯಾನಿಗೆ ಬ್ಯಾಟರಿ ಬೇಕು. ರಾತ್ರಿಯಿಡೀ ಓಡಿದರೆ ಎಷ್ಟೋ ಬಾಡಿಗೆ ಗಾಡಿಗಳ ಬ್ಯಾಟರಿ ಬೆಳಗಾಗುವುದರೊಳಗೆ ಸೋಲುತ್ತದೆ. ಆಗ ಹೀಟರ್ ಜೊತೆಗೆ ದೀಪವೂ ಇಲ್ಲ, ನೀರಿನ ಪಂಪೂ ಇಲ್ಲ. ಜನರೇಟರ್ ಹಾಕೋಣವೆಂದರೆ ಕ್ಯಾಂಪ್‌ಗ್ರೌಂಡುಗಳಲ್ಲಿ ರಾತ್ರಿ ಹೊತ್ತು ಅದಕ್ಕೆ ಅನುಮತಿ ಇರುವುದಿಲ್ಲ. ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ: ಚಳಿ ಎಂದು ಗ್ಯಾಸ್ ಒಲೆ ಹಚ್ಚಿಟ್ಟುಕೊಂಡು ಮಲಗಬಾರದು. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣವೇ ಹೋಗಬಹುದು.

ಕನೆಕ್ಷನ್ ಇದ್ದರೂ ಮನೆಯಂತೆ ಎಲ್ಲವನ್ನೂ ಒಟ್ಟಿಗೆ ಹಾಕುವಂತಿಲ್ಲ. ಬಾಡಿಗೆಗೆ ಸಿಗುವ ಹೆಚ್ಚಿನ ಗಾಡಿಗಳು 30 ಆಂಪಿಯರಿನವು. ಇಲ್ಲಿನ ವೋಲ್ಟೇಜ್ 120, ಹಾಗಾಗಿ ಒಟ್ಟು 3,600 ವಾಟ್. ನೀರು ಕಾಯಿಸುವ ಕೆಟಲ್ 1,500, ಮೈಕ್ರೋವೇವ್ ಹೆಚ್ಚುಕಡಿಮೆ ಅಷ್ಟೇ, ಸಣ್ಣ ಎಲೆಕ್ಟ್ರಿಕ್ ಹೀಟರ್ ಮತ್ತೊಂದು 1,500. ಮೂರೂ ಒಟ್ಟಿಗೆ ಓಡಿದರೆ ಬ್ರೇಕರ್ ಟ್ರಿಪ್ ಆಗುತ್ತದೆ. ಬೆಳಿಗ್ಗೆ ಅಪ್ಪನ ಕಾಫಿಗೆ ನೀರಿಡುವಾಗ ಹೀಟರ್ ಆರಿಸಿದರೆ ಮುಗಿಯಿತು. ಅಮ್ಮ ಊರಿಂದ ಮಿಕ್ಸಿ ತಂದಿದ್ದರೆ, 230 ವೋಲ್ಟಿನದಾದ್ದರಿಂದ ಅದು ಇಲ್ಲಿ ಕೆಲಸಕ್ಕೆ ಬಾರದು, ಚಟ್ನಿ ಪುಡಿಯೇ ಗತಿ. ಒಗ್ಗರಣೆಯನ್ನು ಒಳಗೆ ಹಾಕಿದರೆ ಸ್ಮೋಕ್ ಅಲಾರ್ಮ್ ಕಿರುಚುತ್ತದೆ. ಒಂದು ಕ್ಯಾಂಪ್ ಸ್ಟೌ ತಂದು ಹೊರಗಿನ ಮೇಜಿನ ಮೇಲೆ ಹಾಕಿ. ಪ್ರತಿ ಸೈಟಿಗೂ ಒಂದು ಮೇಜು ಇರುತ್ತದೆ.

ನೀರಿನ ವಿಷಯ. ನಲ್ಲಿಗೆ ಪೈಪು ಜೋಡಿಸಿದರೆ ಬರುವ ನೀರಿಗೆ ತೊಂದರೆಯಿಲ್ಲ, ಯೋಚಿಸಬೇಕಾದದ್ದು ಹೋಗುವ ನೀರಿನದು. ವ್ಯಾಲಿ ಆಫ್ ಫೈರ್‌ನ ಸೈಟುಗಳಲ್ಲಿ ಒಳಚರಂಡಿ ಕನೆಕ್ಷನ್ ಇಲ್ಲ. ಸ್ನಾನದ, ಪಾತ್ರೆ ತೊಳೆದ ನೀರು ಗ್ರೇ ಟ್ಯಾಂಕಿಗೆ, ಶೌಚದ್ದು ಬ್ಲ್ಯಾಕ್ ಟ್ಯಾಂಕಿಗೆ ಹೋಗಿ ನಿಲ್ಲುತ್ತದೆ. ಆರು ಜನ ಗಾಡಿಯಲ್ಲೇ ಸ್ನಾನ ಮಾಡಿದರೆ ಮೊದಲು ತುಂಬುವುದು ಗ್ರೇ ಟ್ಯಾಂಕ್. ಕ್ಯಾಂಪ್‌ಗ್ರೌಂಡಿನಲ್ಲಿ ಶವರ್ ಇದೆ, ಮಕ್ಕಳು ಮತ್ತು ನೀವು ಅಲ್ಲೇ ಮುಗಿಸಿ. ಗಾಡಿಯದನ್ನು ಅಪ್ಪ-ಅಮ್ಮನಿಗೆ ಬಿಡಿ. ಶೌಚಕ್ಕೆ ಚೊಂಬಿನಲ್ಲಿ ನೀರು ಬಳಸಿದರೆ ಏನೂ ಆಗುವುದಿಲ್ಲ, ಬ್ಲ್ಯಾಕ್ ಟ್ಯಾಂಕಿನಲ್ಲಿ ಧಾರಾಳ ನೀರಿದ್ದರೆ ಖಾಲಿ ಮಾಡುವುದು ಸಲೀಸು. ಹೊರಡುವ ದಿನ ಡಂಪ್ ಸ್ಟೇಷನ್ನಿನಲ್ಲಿ (ಟ್ಯಾಂಕ್ ಖಾಲಿ ಮಾಡುವ ಜಾಗ) ಮೊದಲು ಬ್ಲ್ಯಾಕ್, ಆಮೇಲೆ ಗ್ರೇ ಬಿಡಿ. ಗ್ರೇ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಮರೆಯಬೇಡಿ.

ಬಿಎಲ್‌ಎಂ ಜಾಗದಲ್ಲಿ ಪುಕ್ಕಟೆ ಉಳಿಯಬಹುದಂತಲ್ಲ ಎಂದು ಕೇಳಿದ್ದೀರಿ. ಉಳಿಯಬಹುದು. ಬಿಎಲ್‌ಎಂ, ಅಂದರೆ ಸರ್ಕಾರಿ ಜಮೀನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಸುಪರ್ದಿಯ ಬಯಲಿನಲ್ಲಿ ಬಹುಮಟ್ಟಿಗೆ 28 ದಿನಗಳಲ್ಲಿ 14 ದಿನ ಒಂದೆಡೆ ಇರಲು ಬಿಡುತ್ತಾರೆ. ಆದರೆ ಅಲ್ಲಿ ನಲ್ಲಿ, ಕರೆಂಟು, ಶೌಚಾಲಯ ಏನೂ ಇಲ್ಲ. ಹೋಗುವ ದಾರಿ ಹೆಚ್ಚಾಗಿ ಮಣ್ಣಿನದು, ಬಾಡಿಗೆ ಕರಾರುಗಳು ಸಾಮಾನ್ಯವಾಗಿ ಮಣ್ಣುರಸ್ತೆಗೆ ಗಾಡಿ ಇಳಿಸುವುದನ್ನೇ ನಿಷೇಧಿಸುತ್ತವೆ. ಮರಳಿನಲ್ಲಿ ಚಕ್ರ ಹೂತರೆ ವಿಮೆಯೂ ಕೈಹಿಡಿಯದೇ ಹೋಗಬಹುದು. ಸ್ವಂತ ಗಾಡಿ, ಸೋಲಾರ್, ದೊಡ್ಡ ಬ್ಯಾಟರಿ ಇದ್ದವರಿಗೆ ಅದು ಸ್ವರ್ಗ. ನಿಮಗೆ ಈ ಸಲ ಬೇಡ.

ಇನ್ನು ಜಾಗದ ಬಗ್ಗೆ. ವ್ಯಾಲಿ ಆಫ್ ಫೈರ್ ವೇಗಸ್‌ನಿಂದ ಸುಮಾರು 50 ಮೈಲಿ, ಐ-15 ಹೆದ್ದಾರಿಯಲ್ಲಿ 75ನೇ ಎಕ್ಸಿಟ್. ನೆವಾಡಾದ ಅತಿ ಹಳೆಯ ಸ್ಟೇಟ್ ಪಾರ್ಕ್ ಇದು, 1934ರದು. ಇಲ್ಲಿನ ಕೆಂಪು ಬಂಡೆಗಳು ಡೈನೋಸಾರ್ ಕಾಲದ ಮರಳುದಿಬ್ಬಗಳು ಗಟ್ಟಿಯಾಗಿ ಆದವು, ವಯಸ್ಸು ಸುಮಾರು 15 ಕೋಟಿ ವರ್ಷ. ಅಪ್ಪ-ಅಮ್ಮ ಬಾದಾಮಿ ನೋಡಿದ್ದರೆ ನೋಡಿದ ಕೂಡಲೇ ಅದನ್ನೇ ನೆನೆಯುತ್ತಾರೆ. ಅದೂ ಮರಳುಗಲ್ಲೇ, ಆದರೆ ಇದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಕರೆಂಟು ಇರುವ ಸೈಟುಗಳು ಆಟ್ಲಾಟ್ಲ್ ರಾಕ್ ಕ್ಯಾಂಪ್‌ಗ್ರೌಂಡಿನಲ್ಲಿವೆ. ಅದೇ ಹೆಸರಿನ ಬಂಡೆಯ ಮೇಲೆ ಸಾವಿರಾರು ವರ್ಷ ಹಳೆಯ ಕೆತ್ತನೆಗಳಿವೆ. ಮೇಲೆ ಹೋಗಲು ಕಬ್ಬಿಣದ ಮೆಟ್ಟಿಲು, ಹಾಗಾಗಿ ಅಮ್ಮನಿಗೆ ಕಷ್ಟ. ಅವರನ್ನು ಮೌಸ್ ಟ್ಯಾಂಕ್ ದಾರಿಗೆ ಕರೆದೊಯ್ಯಿರಿ. ಹೋಗಿಬರಲು ಮುಕ್ಕಾಲು ಮೈಲಿ, ಬಹುತೇಕ ಸಮತಟ್ಟು. ಮರಳು ಕಾಲಿಗೆ ಸ್ವಲ್ಪ ಭಾರ, ಆದರೆ ಇಕ್ಕೆಲದ ಗೋಡೆಗಳ ಮೇಲೆ ಉದ್ದಕ್ಕೂ ಕೆತ್ತನೆಗಳು ಕಾಣುತ್ತವೆ, ಸಾಕೆನಿಸಿದಲ್ಲಿ ತಿರುಗಿ ಬರಬಹುದು. ಬಿಗ್‌ಹಾರ್ನ್ ಕುರಿಗಳು ರಸ್ತೆ ಬದಿಗೇ ಬಂದು ನಿಲ್ಲುವುದನ್ನು ಎಷ್ಟು ಸಲ ಕಂಡರೂ ನನಗೆ ಖುಷಿ. ಮಕ್ಕಳಿಗೆ ಫೈರ್ ವೇವ್ ಎಂಬ ಅಲೆಯಂಥ ಪಟ್ಟೆಪಟ್ಟೆ ಬಂಡೆ ತೋರಿಸಿ.

ಒಂದು ತಾಪತ್ರಯವಿದೆ. ಕನೆಕ್ಷನ್ ಹಾಕಿದ ಗಾಡಿಯನ್ನು ಪ್ರತಿ ಸಲ ಬಿಚ್ಚಿಕೊಂಡು ತಿರುಗುವುದು ಬೇಸರದ ಕೆಲಸ. ಜೊತೆಗೆ ಓಡಿಸುವವರು ಇನ್ನೊಬ್ಬರಿದ್ದರೆ ಒಂದು ಮಿನಿವ್ಯಾನನ್ನೂ ಬಾಡಿಗೆಗೆ ತೆಗೆದುಕೊಳ್ಳಿ. ಅಪ್ಪ-ಅಮ್ಮ ಅದರಲ್ಲೇ ಆರಾಮವಾಗಿ ಬರುತ್ತಾರೆ, ಓಡುವ ಆರ್‌ವಿಯಲ್ಲಿ ಪಾತ್ರೆಗಳ ಸದ್ದು ಕೇಳಿಕೊಂಡು ಕೂರುವುದು ತಪ್ಪುತ್ತದೆ.

ಉಳಿದ ಜಾಗಗಳು ಚುಟುಕಾಗಿ. ರೆಡ್ ರಾಕ್ ಕ್ಯಾನ್ಯನ್ ವೇಗಸ್‌ಗೆ ತೀರ ಹತ್ತಿರ, ಆದರೆ ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟಿಲ್ಲ, ಹಗಲು ನೋಡಿ ಬನ್ನಿ. ವ್ಯಾಲಿ ಆಫ್ ಫೈರ್ ಸಿಗದಿದ್ದರೆ ಲೇಕ್ ಮೀಡ್ ದಡದ ಖಾಸಗಿ ಆರ್‌ವಿ ಪಾರ್ಕುಗಳಿಗೆ ಪ್ರಯತ್ನಿಸಿ, ಅಲ್ಲಿ ಒಳಚರಂಡಿಯೂ ಸೇರಿ ಪೂರ್ಣ ಕನೆಕ್ಷನ್ ಸಿಗುತ್ತದೆ, ಹೂವರ್ ಡ್ಯಾಮ್ ಹತ್ತಿರವೇ. ನಕ್ಷತ್ರಗಳಿಗಾಗಿಯೇ ಬರುವುದಾದರೆ ಡೆತ್ ವ್ಯಾಲಿಯ ಆಕಾಶಕ್ಕೆ ಸಾಟಿಯಿಲ್ಲ. ವ್ಯಾಲಿ ಆಫ್ ಫೈರ್‌ನಲ್ಲಿ ನೈರುತ್ಯಕ್ಕೆ ವೇಗಸ್‌ನ ಬೆಳಕಿನ ಮಬ್ಬು ಕಾಣುತ್ತದೆ. ಆದರೆ ಡೆತ್ ವ್ಯಾಲಿ ವೇಗಸ್‌ನಿಂದ ಎರಡು ಗಂಟೆಯ ದಾರಿ, ಮೂರು ರಾತ್ರಿಯಲ್ಲಿ ಎರಡನ್ನೂ ತುರುಕಬೇಡಿ.

ಗಾಡಿ ಬುಕ್ ಮಾಡುವ ಮೊದಲು ಸೈಟ್ ಬುಕ್ ಮಾಡಿ, ರಜೆಯಲ್ಲಿ ಮೊದಲು ಮುಗಿಯುವುದು ಅದೇ. ಪಾರ್ಕಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ದಿನಸಿ, ಅಪ್ಪ-ಅಮ್ಮನ ಮಾತ್ರೆಗಳು, ಕುಡಿಯಲು ತಲಾ ದಿನಕ್ಕೆ ನಾಲ್ಕು ಲೀಟರ್ ನೀರು ವೇಗಸ್‌ನಲ್ಲೇ ತುಂಬಿಸಿಕೊಂಡು ಮಧ್ಯಾಹ್ನ ಮೂರರೊಳಗೆ ಸೈಟ್ ಸೇರಿ. ಗಾಡಿಯನ್ನು ಸಮತಟ್ಟು ಮಾಡುವುದು, ವಯರು-ಪೈಪು ಜೋಡಿಸುವುದು ಎಲ್ಲ ಮೊದಲ ಸಲ ನಿಧಾನ, ಬೆಳಕಿರುವಾಗಲೇ ಆಗಬೇಕು. ಮಲಗುವ ಮುನ್ನ ಹೊರಗಿನ ಆನಿಂಗ್ (ನೆರಳಿಗೆ ಬಿಚ್ಚುವ ಬಟ್ಟೆಯ ಚಪ್ಪರ) ಸುತ್ತಿಡಿ, ಇಲ್ಲಿ ಗಾಳಿ ಹೇಳಿ ಕೇಳಿ ಬರುವುದಿಲ್ಲ.