ಎರಡು ಟಿಪ್ ಹೊಡೀತು ಅಂತ ಆರು ಸಾವಿರ ಕಟ್ಟೋದಾ?

ಪ್ರಶ್ನೆ: ಸರ್, ದಾವಣಗೆರೆ ಮಂಡಿಪೇಟೇಲಿ ನಂದೊಂದು ಸಣ್ಣ ಅಂಗಡಿ ಐತೆ. ನಮ್ಮ ಭಾವನ ವಾಟ್ಸಾಪ್‌ಗೆ ಯಾರೋ ಬೆಂಗಳೂರು ರೇಸಿನ ಕುದುರೆ ಹೆಸರು ಫ್ರೀಯಾಗಿ ಕಳ್ಸಿದ್ದ, ಎರಡು ಭಾನುವಾರ ಎರಡೂ ಫಸ್ಟ್ ಬಂದ್ವು. ಈಗ ವಿಐಪಿ ಗ್ರೂಪಿಗೆ ತಿಂಗಳಿಗೆ 6,000 ಕೇಳ್ತಿದಾನೆ, ನೂರಕ್ಕೆ ಅರವತ್ತು ಗೆಲ್ತೀವಿ, ಜಾಕಿ ನಮ್ಮೋನೇ ಅಂತಾನೆ. ಭಾವ ನೀನೂ ಸೇರ್ಕೋ ಅಂತಿದಾರೆ. ನಂಬಬಹುದಾ?

ಉತ್ತರ: ಆ ಎರಡು ಗೆಲುವನ್ನ ಮೊದಲು ಪಕ್ಕಕ್ಕಿಡ್ರಿ, ಅದಕ್ಕೆ ಬೆಲೆನೇ ಇಲ್ಲ. ಯಾಕಂದ್ರೆ ಅವನ ಹತ್ರ 640 ನಂಬರ್ ಅದಾವೆ ಅಂದ್ಕೊಳ್ರಿ, ರೇಸಲ್ಲಿ ಎಂಟು ಕುದುರೆ. ಎಂಬತ್ತು ಜನಕ್ಕೆ ಒಂದನೇ ಕುದುರೆ, ಇನ್ನೆಂಬತ್ತು ಜನಕ್ಕೆ ಎರಡನೇದು, ಹಿಂಗೆ ಎಂಟೂ ಕುದುರೆ ಹಂಚಿಬಿಡ್ತಾನೆ. ಯಾವುದಾದ್ರೂ ಒಂದು ಗೆಲ್ಲಲೇಬೇಕಲ್ಲ, ಎಂಬತ್ತು ಜನಕ್ಕೆ ಟಿಪ್ ಹೊಡೀತು. ಮುಂದಿನ ಭಾನುವಾರ ಉಳಿದೋರನ್ನ ಬಿಟ್ಟು ಆ ಎಂಬತ್ತು ಜನಕ್ಕೆ ಮಾತ್ರ ಮತ್ತೆ ಎಂಟು ಕುದುರೆ ಹತ್ತತ್ತು ಜನಕ್ಕೆ ಕಳಿಸ್ತಾನೆ. ಕೊನೆಗೆ ಹತ್ತು ಜನಕ್ಕೆ ಇವನು ದೇವರು ಕಂಡಂಗೆ ಕಾಣ್ತಾನೆ, ಆ ಹತ್ತರಲ್ಲಿ ನಿಮ್ಮ ಭಾವನೂ ಒಬ್ಬರಿರಬಹುದು. ಗೆದ್ದ ಮೇಲೆ ಪಾಲು ಕೊಟ್ರೆ ಸಾಕು ಅನ್ನೋರದ್ದೂ ಇದೇ ಲೆಕ್ಕ, ಯಾರು ಗೆದ್ರೂ ಅವನಿಗೆ ಬರ್ತೈತೆ, ಸೋತೋರ ದುಡ್ಡು ಅವನದಲ್ಲವಲ್ಲ. (ನಾನೂ ಹುಡುಗನಿದ್ದಾಗ ಒಬ್ಬನಿಗೆ ಹಿಂಗೇ ಪಾಲು ಕೊಟ್ಟು ಬಂದೋನೇ, ಮನೇಲಿ ಇವತ್ತಿಗೂ ಹೇಳಿಲ್ಲ.)

ಇನ್ನು ನೂರಕ್ಕೆ ಅರವತ್ತು. ಕೇಳೋಕೆ ಭರ್ಜರಿ, ಆದ್ರೆ ಯಾವ ರೇಟಲ್ಲಿ ಗೆದ್ದದ್ದು ಅಂತ ಕೇಳ್ರಿ. ಎಲ್ಲಾ ಫೇವರಿಟ್ ಕುದುರೆನೇ (ಅಂದ್ರೆ ಇದೇ ಗೆಲ್ತೈತೆ ಅಂತ ಜಾಸ್ತಿ ಜನ ದುಡ್ಡು ಹಾಕೋ ಕುದುರೆ) ಕೊಟ್ಟು, ನೂರು ರೂಪಾಯಿಗೆ ಐವತ್ತು ಲಾಭ ಬರೋ ರೇಟಿತ್ತು ಅಂದ್ರೆ, ಅರವತ್ತು ಗೆಲುವಿಗೆ 3,000 ಬಂತು, ನಲವತ್ತು ಸೋಲಿಗೆ 4,000 ಹೋಯ್ತು, ಸಾವಿರ ರೂಪಾಯಿ ಲಾಸು. ಅದೇ ಇನ್ನೊಬ್ಬ ನೂರಕ್ಕೆ ಇಪ್ಪತ್ತೇ ಗೆದ್ರೂ ಒಂದಕ್ಕೆ ಐದು ಲಾಭ ಬರೋ ರೇಟಿದ್ರೆ 10,000 ಬಂದು 8,000 ಹೋಗ್ತೈತೆ, ಎರಡು ಸಾವಿರ ಉಳೀತು. ಆದ್ರೆ ಮೆಸೇಜ್ ಬಂದು ನೀವು ನೋಡೋ ಹೊತ್ತಿಗೆ ಆ ಐದು ಮೂರೂವರೆಗೆ ಇಳಿದಿದ್ರೆ ಅದೇ ಟಿಪ್ ನಿಮಗೆ ಸಾವಿರ ಲಾಸು, ಅವನು ತೋರ್ಸೋ ಲಾಭದ ಚಾರ್ಟಲ್ಲಿ ಮಾತ್ರ ಲಾಭ! ಟೋಟ್ ಅಂತ ರೇಸ್ ಕ್ಲಬ್ಬೇ ನಡೆಸೋ ಬಾಜಿ ಐತಲ್ಲ, ಅದಂತೂ ಕೇಳಲೇಬೇಡ್ರಿ, ಅಲ್ಲಿ ಎಲ್ಲರ ದುಡ್ಡು ಒಂದೇ ರಾಶಿಗೆ ಬಿದ್ದು ಗೆದ್ದೋರಿಗೆ ಹಂಚಿಕೆ ಆಗೋದು, ಒಂದೇ ಕುದುರೆ ಮೇಲೆ ಗ್ರೂಪಿನೋರೆಲ್ಲ ಮುಗಿಬಿದ್ರೆ ನಿಮ್ಮ ಪಾಲನ್ನ ನೀವೇ ತೆಳ್ಳಗೆ ಮಾಡ್ಕೊಂಡಂಗೆ.

ಟ್ಯಾಕ್ಸೂ ಆ ಚಾರ್ಟಲ್ಲಿ ಇರಲ್ಲ. 2025ರ ಸೆಪ್ಟೆಂಬರ್ 22ರಿಂದ ರೇಸ್ ಬಾಜಿಗೆ ಜಿಎಸ್‌ಟಿ 40 ಪರ್ಸೆಂಟ್, ಗೆದ್ದದ್ದು ಹತ್ತು ಸಾವಿರ ದಾಟಿದ್ರೆ 30 ಪರ್ಸೆಂಟ್ ಟಿಡಿಎಸ್. ಸೋತಿದ್ದನ್ನ ಅಂಗಡಿ ಲಾಭದಲ್ಲಿ ಕಳೀತೀನಿ ಅಂದ್ರೆ ಆಗಲ್ಲ.

ಜಾಕಿ ನಮ್ಮೋನು ಅನ್ನೋದಕ್ಕೆ ನಗಬೇಕಷ್ಟೇ. ಜಾಕಿ ಬಾಜಿ ಕಟ್ಟಂಗೇ ಇಲ್ಲ, ಅದು ರೇಸಿನ ರೂಲ್ಸು, ಅಕಸ್ಮಾತ್ ಒಳಗಿನ ಸುದ್ದಿ ಸಿಕ್ಕರೂ ಅದನ್ನ ಮಂಡಿಪೇಟೆಗೆ ಆರು ಸಾವಿರಕ್ಕೆ ಯಾರ್ ಮಾರ್ತಾರ್ರೀ. ಇನ್ನು ಕೆಲವರು 1996ರಲ್ಲಿ ಸುಪ್ರೀಂ ಕೋರ್ಟೇ ಕುದುರೆ ರೇಸ್ ಜೂಜಲ್ಲ, ಕೌಶಲದ ಆಟ ಅಂತ ಹೇಳೈತೆ ಅಂತಾರೆ. ಹೇಳಿರೋದು ನಿಜ, ಆದ್ರೆ ಕೌಶಲ ಇವನಿಗೈತೆ ಅಂತ ಕೋರ್ಟ್ ಎಲ್ಲೂ ಹೇಳಿಲ್ಲ. ಶೇರು ಟಿಪ್ ಕೊಡೋರಿಗೆ ಸೆಬಿ ನೋಂದಣಿ ಅಂತ ಒಂದೈತೆ, ಕುದುರೆ ಟಿಪ್‌ಗೆ ಅಂಥದ್ದೇನೂ ಇಲ್ಲ, ಹಂಗಾಗಿ ಸರ್ಟಿಫಿಕೇಟ್ ಫೋಟೋ ತೋರ್ಸಿದ್ರೆ ಅಲ್ಲಿಗೇ ಬಿಟ್ಬಿಡ್ರಿ.

ನೆಟ್ಟಗೆ ಕೆಲಸ ಮಾಡೋರೂ ಇಲ್ಲ ಅಂತಲ್ಲ. ಅಂಥೋರು ಕಾರಣ ಹೇಳ್ತಾರೆ, ಹೋದ ಸಲ 1,200 ಮೀಟರಲ್ಲಿ ಕೊನೇಗೆ ಜೋರು ಬಂದಿತ್ತು, ಈ ಸಲ 1,600, ಗೆದ್ದ ಮೇಲೆ ರೇಟಿಂಗ್ (ಕುದುರೆಗೆ ಕೊಡೋ ಅಂಕ) ಏರಿ ಅದು ಹೊರಬೇಕಾದ ತೂಕ ಎಷ್ಟು ಜಾಸ್ತಿ ಆಗೈತೆ, ಈ ರೇಟಿಗಿಂತ ಕಮ್ಮಿ ಇದ್ರೆ ಮುಟ್ಟಬೇಡ್ರಿ, ಇವತ್ತು ಯಾವುದೂ ಬೇಡ, ಅಂತೆಲ್ಲ. ಸೋತಿದ್ದನ್ನೂ ಪಟ್ಟಿಯಲ್ಲಿ ಉಳಿಸ್ತಾರೆ. ವಾಟ್ಸಾಪಲ್ಲಿ ಮೆಸೇಜ್ ಅಳಿಸಿದ್ರೆ ಅಳಿಸಿದ ಗುರುತಾದ್ರೂ ಇರ್ತೈತೆ, ಟೆಲಿಗ್ರಾಂನಲ್ಲಿ ಅದೂ ಇರಲ್ಲ, ಹಳೇ ಚಾನೆಲ್ ಪೂರ್ತಿ ಗೆದ್ದ ಗುರುತಿನ ಹಸಿರು ಟಿಕ್ಕೇ ಇದ್ರೆ ಸೋಲೆಲ್ಲ ಎಲ್ಲಿಗೆ ಹೋದ್ವು ಅಂತ ಯೋಚನೆ ಮಾಡ್ರಿ.

ಅವನು ಕಳಿಸೋ ಎಕ್ಸೆಲ್ ಶೀಟ್‌ಗಿಂತ ನಿಮ್ಮ ಉದ್ರಿ ಪುಸ್ತಕ ಮೇಲು. ಟಿಪ್ ಬಂದ ಟೈಮು, ಕುದುರೆ, ಆಗ ನಿಮಗೆ ಕಂಡ ರೇಟು, ಆಮೇಲೆ ರಿಸಲ್ಟು, ಒಂದ್ರೂಪಾಯಿನೂ ಕಟ್ಟದೆ ನೂರು ಟಿಪ್ ಬರೀರಿ. ಹತ್ತಿಪ್ಪತ್ತು ಟಿಪ್ ನೋಡಿ ಏನೂ ಗೊತ್ತಾಗಲ್ಲ. ನೂರು ಆಗೋ ತನಕ ಕಾಯೋಕಾಗಲ್ಲ, ಇವತ್ತೇ ಕಟ್ಟಿ, ಎರಡೇ ಸೀಟ್ ಉಳಿದಾವೆ ಅಂದ್ರೆ ಉತ್ತರ ಸಿಕ್ಕಂಗೇ. ಅವನು ಲಿಂಕ್ ಕೊಟ್ಟು ಇಂಥಾ ಆ್ಯಪಲ್ಲೇ ಆಡ್ರಿ ಅಂದ್ರೂ ಅಷ್ಟೇ, ನೀವು ಸೋತಷ್ಟೂ ಅವನಿಗೆ ಕಮಿಷನ್ ಇರೋ ವ್ಯವಹಾರ ಆಗಿರಬಹುದು. ಭಾವ ಆಗಲೇ ಕಟ್ಟಿ ಆ ಕಡೆಯೋನು ಫೋನ್ ಎತ್ತುತ್ತಿಲ್ಲ ಅಂದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಲಿ, ಸಿಇಎನ್ (ಸೈಬರ್ ಅಪರಾಧದ ಪೊಲೀಸ್) ಠಾಣೆಗೂ ಒಂದು ಕಂಪ್ಲೇಂಟ್ ಕೊಡ್ಲಿ.

ಕಟ್ಟಿಲ್ಲ ಅಂದ್ರೆ ಈ ವಾರ ಒಂದು ಕೆಲಸ ಮಾಡ್ರಿ. ಅವನಿಗೆ ಗೊತ್ತಿಲ್ಲದ ಇನ್ನೊಂದು ನಂಬರಿಂದ, ನಿಮ್ಮ ಅಂಗಡಿ ಹುಡುಗನದ್ದಾದ್ರೂ ಸರಿ, ನನಗೂ ಫ್ರೀ ಟಿಪ್ ಕಳಿಸಿ ಸರ್ ಅಂತ ಮೆಸೇಜ್ ಹಾಕ್ಸಿ. ಮೂರ್ನಾಲ್ಕು ರೇಸ್ ನೋಡ್ರಿ, ಒಂದರಲ್ಲಿ ಎರಡು ಫೋನಿಗೂ ಒಂದೇ ಕುದುರೆ ಬಿದ್ರೆ ಅದೃಷ್ಟ ಇರಬಹುದು, ಒಂದೇ ರೇಸಿಗೆ ಬೇರೆ ಬೇರೆ ಕುದುರೆ ಬಂದ್ರೆ ಮೇಲೆ ಹೇಳಿದ ಹಂಚೋ ಆಟನೇ. ಭಾನುವಾರ ಬೆಳಗ್ಗೆ ಭಾವನ್ನ ಕೂರಿಸ್ಕೊಂಡು ಎರಡೂ ಫೋನ್ ಗಲ್ಲಾಪೆಟ್ಟಿಗೆ ಮೇಲೆ ಪಕ್ಕಪಕ್ಕ ಇಟ್ಟು, ಬಂದಿರೋ ಹೆಸರನ್ನ ಅವರ ಕೈಲೇ ಓದ್ಸಿ.